ಗುಂಟೆ ಜಮೀನಿಗೆ ಇರೋ ನಕಾಶೆ ಬೆಟ್ಟದ ದಾರಿಗೆ ಯಾಕಿಲ್ಲ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಮೈಸೂರಲ್ಲಿ ತಾಲ್ಲೂಕು ಆಫೀಸ್ ಹತ್ರ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು, ಬರೆಯೋದು ನನ್ನ ಕಸುಬಲ್ಲ, ತಪ್ಪಿದ್ರೆ ತಿದ್ಕೊಳ್ಳಿ. ಉದ್ದ ಆಯ್ತು ಅಂದ್ರೆ ಕತ್ತರಿ ಹಾಕಿ, ಆದ್ರೆ ನಮ್ಮ ಸೋದರಮಾವನ ವಿಷ್ಯ ಮತ್ತೆ ಸೋಲಿಗರ ವಿಷ್ಯ ಎರಡಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ, ಅದಕ್ಕೋಸ್ಕರಾನೇ ಈ ಕಾಗದ ಬರೀತಿರೋದು.

ನಿಮ್ಮ ಪೇಪರ್‌ನಲ್ಲಿ ಮಳೆಗಾಲ ಮುಗೀತಿದ್ದ ಹಾಗೇ ಒಂದು ಸುದ್ದಿ ಬಂದೇ ಬರುತ್ತೆ. ಚಾರಣಕ್ಕೆ ಹೋದ ಹುಡುಗ್ರು ದಾರಿ ತಪ್ಪಿದ್ರು, ರಾತ್ರಿಯೆಲ್ಲಾ ಕಾಡಲ್ಲೇ ಕಳೆದ್ರು, ಬೆಳಿಗ್ಗೆ ಅರಣ್ಯ ಇಲಾಖೆಯೋರು ಊರಿನೋರು ಸೇರಿ ಹುಡುಕಿ ಕರ್ಕೊಂಡ್ ಬಂದ್ರು. ಜೊತೆಗೊಂದು ಫೋಟೋ, ಹೆಗಲಿಗೆ ಟವೆಲ್ ಹಾಕ್ಕೊಂಡು ಬಿಸ್ಕತ್ತು ತಿಂತಾ ಕೂತಿರೋ ಹುಡುಗ್ರು. ಕಾಮೆಂಟ್ ಮಾಡೋರು ಇವ್ರಿಗೆ ಬುದ್ಧಿ ಇಲ್ವಾ ಅಂತಾರೆ, ಸರಿ, ಕೆಲವ್ರಿಗೆ ಇರಲ್ಲ. ಆದ್ರೆ ಅವ್ರು ಎಲ್ಲಿ ತಪ್ಪಿದ್ರು, ಯಾವ ಹಳ್ಳಕ್ಕೆ ಇಳಿದ್ರು, ಅಲ್ಲಿ ದಾರಿ ಎರಡಾಗುತ್ತಾ ಮೂರಾಗುತ್ತಾ ಅಂತ ಒಂದು ಸಲಾನೂ ಸುದ್ದೀಲಿ ಇರಲ್ಲ. ಮುಂದಿನ ವರ್ಷ ಇನ್ನೊಬ್ಬ ಅದೇ ಜಾಗದಲ್ಲಿ ತಪ್ಪಿಸ್ಕೊತಾನೆ. ಹೋದವ್ರ ಬಗ್ಗೆ ಬೈಕೊಳ್ಳೋದು ಸುಲಭ, ದಾರಿ ಬಗ್ಗೆ ಕೇಳೋರಿಲ್ಲ.

ನನ್ನ ಅಂಗಡಿಗೆ ದಿನಾ ಬರೋದು ನಕಾಶೆ ಗಿರಾಕಿಗಳೇ. ಪಹಣಿ, ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ ಹಿಡ್ಕೊಂಡು ಮಂಡ್ಯ ಮೈಸೂರು ಕಡೆ ರೈತ್ರು ಬರ್ತಾರೆ, ಅಣ್ಣತಮ್ಮಂದ್ರ ಜಗಳ, ಬದುವಿನ ಜಗಳ, ಎಲ್ಲಕ್ಕಿಂತ ಜಾಸ್ತಿ ದಾರಿ ಜಗಳ. "ನಕಾಶೇಲಿ ದಾರಿ ಐತೆ ಸಾರ್, ನೋಡಿ ಇಲ್ಲಿ ಚುಕ್ಕೆ ಚುಕ್ಕೆ" ಅಂತ ತೋರಿಸ್ತಾರೆ, ಆ ಚುಕ್ಕೆ ಮೇಲೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದೋರನ್ನ ನೋಡಿದೀನಿ. ಈಗ ದಿಶಾಂಕ್ ಆ್ಯಪ್ ಬೇರೆ ಇದೆ, ನಿಂತ ಜಾಗದ ಸರ್ವೆ ನಂಬರ್ ಮೊಬೈಲಲ್ಲೇ ಬರುತ್ತೆ. ಎರಡು ಗುಂಟೆ ಗದ್ದೆ ಪಕ್ಕದ ಬಂಡಿದಾರಿಗೆ ಇಷ್ಟು ಲೆಕ್ಕ ಇಟ್ಟಿರೋ ನಾವು, ಒಂದು ದಿನ ಪೂರ್ತಿ ನಡೆಯೋ ಬೆಟ್ಟದ ಕಾಲುದಾರಿಗೆ ಯಾವನೋ ಮೊಬೈಲಲ್ಲಿ ಎಳೆದು ಬಿಟ್ಟಿರೋ ಗೆರೆ ನಂಬ್ಕೊಂಡು ಹೋಗ್ತೀವಲ್ಲ ಸ್ವಾಮಿ.

ಹೋಗ್ತೀವಿ ಅಂದೆ, ಅಂದ್ರೆ ನಾನೂ ಹೋಗಿದ್ದೆ. ಎರಡು ವರ್ಷದ ಹಿಂದೆ ನವೆಂಬರಲ್ಲಿ ನಮ್ಮಣ್ಣನ ಮಗ, ಅವನ ಇಬ್ಬರು ಫ್ರೆಂಡ್ಸು, ಜೊತೆಗೆ ಕಾವಲಿಗೆ ಅಂತ ನಾನು, ಕುಮಾರಪರ್ವತಕ್ಕೆ ಸೋಮವಾರಪೇಟೆ ಕಡೆಯಿಂದ ಹೋದ್ವಿ. ಟಿಕೆಟ್ ಮಾಡ್ಸಿದ್ವಿ, ಬೆಳಿಗ್ಗೆ ಬೇಗ ಹೊರಟ್ವಿ, ಪ್ಲಾಸ್ಟಿಕ್ ಎಣಿಸ್ಕೊಂಡು ಬಿಟ್ರು, ಎಲ್ಲಾ ನೆಟ್ಟಗೇ ಇತ್ತು. 1712 ಮೀಟರ್ ಮೇಲೆ ನಿಂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದ್ವಿ, ಅಷ್ಟ್ರಲ್ಲಿ ಮಂಜು ಬಂತು ನೋಡಿ, ಬಂತು ಅಂದ್ರೆ ಬಾಗಿಲು ಹಾಕಿದ ಹಾಗೆ ಬಂತು, ಹತ್ತು ಮಾರು ಆಚೆ ನಿಂತಿರೋನು ಕಾಣ್ತಿಲ್ಲ. ಇಳಿಯೋವಾಗ ಬಂಡೆ ಜಾಗ ದಾಟಿ ಕಾಡಿಗೆ ಹೊಗೋ ಕಡೆ ಎಲ್ಲೋ ಎಡಕ್ಕೆ ಒಂದು ಜಾಡು ಇತ್ತು, ಹುಡುಗ ಮೊಬೈಲ್ ನೋಡಿ "ಚಿಕ್ಕಪ್ಪ ಗೆರೆ ಇಲ್ಲೇ ತೋರಿಸ್ತಿದೆ" ಅಂದ, ಇಳಿದ್ವಿ. ಇಪ್ಪತ್ತು ನಿಮಿಷ ಇಳಿದ ಮೇಲೆ ಜಾಡು ಕಡಿದಾಯ್ತು, ಕಾಲ್ಕೆಳಗೆ ಕೊಳೆತ ಎಲೆ, ಸಾಕ್ಸ್ ಒಳಗೆಲ್ಲಾ ಇಂಬಳ, ಕೆಳಗಡೆ ನೀರಿನ ಸದ್ದು. ಇನ್ನೊಂದು ಹತ್ತು ಹೆಜ್ಜೆ ಇಟ್ರೆ ಮುಂದೆ ನೆಲಾನೇ ಇಲ್ಲ. ಮೂರಾಳು ಎತ್ತರದ ಬಂಡೆ, ಅದರ ಮೇಲಿಂದ ಹಳ್ಳ ಧುಮುಕ್ತಾ ಇತ್ತು. ಮೊಬೈಲ್ ಗೆರೆ ಮಾತ್ರ ಆ ಬಂಡೆ ಮೇಲಿಂದ ನೆಟ್ಟಗೆ ಕೆಳಗೆ ಹೋಗಿತ್ತು, ಮೂಗಿನ ನೇರಕ್ಕೆ.

ನನ್ನ ಜೇಬಲ್ಲಿ ಒಂದು ಟೋಪೋಶೀಟ್ ಪ್ರತಿ ಇತ್ತು, ಅಂದ್ರೆ ಬೆಟ್ಟ ಹಳ್ಳದ ಏರು ತಗ್ಗು ತೋರಿಸೋ ಸರ್ಕಾರಿ ನಕಾಶೆ. ಸರ್ವೆ ಆಫ್ ಇಂಡಿಯಾದ ಹಳೇ ಶೀಟು, ನಂಬರ್ 48 ಪಿ 10, ಸರ್ವೇಲಿ ಕೆಲ್ಸ ಮಾಡಿದ್ದ ನಮ್ಮ ಮಾವನ ಪೆಟ್ಟಿಗೇಲಿ ಇದ್ದಿದ್ದು, ನಾನೇ ನನ್ನ ಮಿಷಿನ್ನಲ್ಲಿ ಕಾಪಿ ಹೊಡ್ಕೊಂಡಿದ್ದೆ. ಇಲ್ಲೇ ನನ್ನ ಮರ್ಯಾದೆ ಹೋಗಿದ್ದು. ಕಾಪಿ ಬ್ಲಾಕ್ ಅಂಡ್ ವೈಟು. ಅಸಲು ಶೀಟಲ್ಲಿ ಎತ್ತರದ ಗೆರೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ, ಕಂದು ಬಣ್ಣ, ಹಳ್ಳ ನೀಲಿ, ಕಾಲುದಾರಿ ಕೆಂಪು ಚುಕ್ಕೆ, ಹೆಸರು ಕಪ್ಪು. ನನ್ನ ಕಾಪೀಲಿ ಎಲ್ಲಾ ಒಂದೇ ಕಪ್ಪು, ಹಳ್ಳ ಯಾವ್ದು ಎತ್ತರದ ಗೆರೆ ಯಾವ್ದು ದಾರಿ ಯಾವ್ದು ಆ ಮಬ್ಬು ಬೆಳಕಲ್ಲಿ ದೇವ್ರಾಣೆ ಗೊತ್ತಾಗ್ಲಿಲ್ಲ. ಇಪ್ಪತ್ತು ವರ್ಷದಿಂದ ಜೆರಾಕ್ಸ್ ಹೊಡೆಯೋನು ನಾನು, ಇಷ್ಟು ಹೊಳೀಲಿಲ್ಲ. ಆಮೇಲೆ ಮಾವ ಹೇಳ್ಕೊಟ್ಟಿದ್ದು ನೆನಪಾಯ್ತು. ಎತ್ತರದ ಗೆರೆ ಒಂದಾದ ಮೇಲೊಂದು ಮೂಗು ಬಂದ ಹಾಗೆ ಬಾಗಿರ್ತವೆ, ಮೂಗು ಬೆಟ್ಟದ ತುದಿ ಕಡೆ ತೋರಿಸಿದ್ರೆ ಅದು ಹಳ್ಳ, ತಗ್ಗಿನ ಕಡೆ ತೋರಿಸಿದ್ರೆ ಅದು ಬೆಟ್ಟದ ಬೆನ್ನು. ದಾರಿ ಹೆಚ್ಚಾಗಿ ಬೆನ್ನು ಹಿಡ್ಕೊಂಡು ಹೋಗುತ್ತೆ, ನೀರು ಹಳ್ಳ ಹಿಡ್ಕೊಂಡು ಹೋಗುತ್ತೆ. ಬೆರಳಿಟ್ಕೊಂಡು ನೋಡಿದ್ರೆ ನಾವು ನಿಂತಿರೋ ಕಡೆ ಮೂಗೆಲ್ಲಾ ಮೇಲಕ್ಕೇ. ವಾಪಸ್ ಹತ್ತಿ ಬಲಕ್ಕೆ ಹೊಡ್ಕೊಂಡ್ವಿ, ಮುಕ್ಕಾಲು ಗಂಟೆ ಬೇಕಾಯ್ತು, ಕೊನೆಗೆ ಯಾರೋ ಬೇರೆ ಗುಂಪಿನೋರು ಕೂಗಾಡೋ ಸದ್ದು ಕೇಳಿಸ್ತು, ಬದುಕಿದ್ವಿ. ಮನೇಲಿ ಈ ಬಂಡೆ ಕಥೆ ಇನ್ನೂ ಹೇಳಿಲ್ಲ, ಪೇಪರಲ್ಲೇ ಓದ್ಕೊಳ್ಲಿ.

ವಾಪಸ್ ಬಂದ ಮೇಲೆ ಕೂತು ಯೋಚ್ನೆ ಮಾಡಿದೆ, ತಪ್ಪಾಗಿದ್ದು ಎಲ್ಲಿ ಅಂತ. ಮೊಬೈಲಲ್ಲಿ ಬರೋ ಉಚಿತ ನಕಾಶೆಗಳ ಎತ್ತರದ ಗೆರೆ ಬಹಳಷ್ಟು ಬಂದಿರೋದು 2000ನೇ ಇಸ್ವಿ ಫೆಬ್ರವರೀಲಿ ಅಮೆರಿಕದ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ರೇಡಾರ್ ಬಿಟ್ಟು ಅಳೆದ ಲೆಕ್ಕದಿಂದ. ಅದು ಸುಮಾರು 30 ಮೀಟರ್‌ಗೆ ಒಂದು ಚೌಕ, ಅದಕ್ಕೊಂದು ಎತ್ತರ. ನಮ್ಮ ಪಶ್ಚಿಮಘಟ್ಟದಂಥ ದಟ್ಟ ಕಾಡಲ್ಲಿ ಆ ರೇಡಾರ್ ನೆಲ ಪೂರ್ತಿ ಮುಟ್ಟಲ್ಲ, ಮರದ ನೆತ್ತಿ ಹತ್ರಾನೇ ಎಷ್ಟೋ ಕಡೆ ತಡೆದು ವಾಪಸ್ ಬರುತ್ತೆ. ಅಂದ್ರೆ ನಾವು ನೆಲ ಅಂತ ನೋಡ್ತಿರೋದು ಅರ್ಧ ಮರ. ಸರ್ವೆ ಶೀಟಲ್ಲೂ ಗೆರೆಗೂ ಗೆರೆಗೂ ನಡುವೆ 20 ಮೀಟರ್ ಅಂತರ, ನಾಲ್ಕೈದು ಅಂತಸ್ತಿನ ಬಿಲ್ಡಿಂಗ್ ಎತ್ತರದ ಬಂಡೆ ಎರಡು ಗೆರೆ ಮಧ್ಯೆ ಆರಾಮಾಗಿ ಬಚ್ಚಿಟ್ಕೋಬಹುದು, ಇನ್ನು ನಮಗೆ ಸಿಕ್ಕ ಮೂರಾಳೆತ್ತರದ ಬಂಡೆ ಯಾವ ಲೆಕ್ಕ. ಮರದಡೀಲಿ ಕಮರೀಲಿ ಜಿಪಿಎಸ್ ಅಲ್ಲಾಡೋದು ಬೇರೆ. ಹಳೇ ಶೀಟನ್ನ ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕ್ಕೊಂಡಿರ್ತೀವಿ ಅನ್ನೋರಿಗೂ ಒಂದು ಮಾತು, ಆ ಹಳೇ ಶೀಟಿನ ಅಕ್ಷಾಂಶ ರೇಖಾಂಶ ಹಿಂದೆ ದೇಶದ ಸರ್ವೆ ನಡೆಸಿದ ಎವರೆಸ್ಟ್ ಸಾಹೇಬನ ಕಾಲದ ಭೂಮಿ ಆಕಾರದ ಲೆಕ್ಕದ್ದು, ಜಿಪಿಎಸ್ ಲೆಕ್ಕ ಬೇರೆ, ಹೊಂದಿಸ್ದೆ ಹಾಕಿದ್ರೆ ನಮ್ಮ ಮೈಸೂರು ಸೀಮೇಲಿ ನೂರು ಮೀಟರ್‌ಗಿಂತ ಜಾಸ್ತೀನೇ ಪಕ್ಕಕ್ಕೆ ಕೂರುತ್ತೆ. ಬಯಲಲ್ಲಿ ನೂರು ಮೀಟರ್ ಏನೂ ಅಲ್ಲ, ಬೆಟ್ಟದ ಬೆನ್ನಿನ ಮೇಲೆ ನೂರು ಮೀಟರ್ ಅಂದ್ರೆ ಪಕ್ಕದ ಹಳ್ಳ.

ಇನ್ನು ಆ ದಾರಿ ಗೆರೆ. ಅದನ್ನ ಯಾರೋ ನಡ್ಕೊಂಡು ಹೋಗ್ತಾ ರೆಕಾರ್ಡ್ ಮಾಡಿರ್ತಾರೆ, ಅವನೇ ತಪ್ಪಿ ಬಂಡೆ ತನಕ ಹೋಗಿ ವಾಪಸ್ ಬಂದಿದ್ರೂ ಗೆರೆ ಗೆರೆನೇ. ನಮ್ಮ ಮುಂದೆ ತಪ್ಪಿದವನ ತಪ್ಪನ್ನೇ ನಾವು ದಾರಿ ಅಂದ್ಕೊಂಡು ಹೋಗಿದ್ವೋ ಏನೋ.

ಈಗ ಮಾವನ ವಿಷ್ಯ. ಅಮ್ಮನ ಅಣ್ಣ, ನಾಗಮಂಗಲ ಕಡೆ, ಓದಿದ್ದು ಏಳನೇ ಕ್ಲಾಸು, ಸರ್ವೆ ಪಾರ್ಟೀಲಿ ಖಲಾಸಿ ಆಗಿ ಸೇರಿದ್ರು. ಖಲಾಸಿ ಅಂದ್ರೆ ಸಾಮಾನು ಹೊರೋನು, ಕಂಬ ನೆಡೋನು, ಪೊದೆ ಕಡಿಯೋನು. ಬೆಂಗಳೂರಿಂದ ಡೆಹ್ರಾಡೂನ್‌ಗೆ ಹಾಕಿದ್ರು, ಅಲ್ಲಿಂದ ಮೂರು ಸೀಸನ್ ಹಿಮಾಚಲದ ಲಾಹೌಲ್ ಕಡೆ. ರೋಹ್ತಾಂಗ್ ಕಣಿವೇಲಿ ಹಿಮ ಕರಗಿದ ಮೇಲೆ ಒಳಗೆ ಹೋಗ್ಬೇಕು, ಮತ್ತೆ ಹಿಮ ಬೀಳೋ ಮೊದ್ಲು ಆಚೆ ಬರ್ಬೇಕು, ನಾಲ್ಕು ತಿಂಗಳಷ್ಟೇ ಕೆಲ್ಸ. ಮಾವನ ಮುಖ್ಯ ಡ್ಯೂಟಿ ಏನ್ ಗೊತ್ತಾ, ಛತ್ರಿ ಹಿಡಿಯೋದು. ನಗ್ಬೇಡಿ. ಸರ್ವೇಯರ್ ಮೂರು ಕಾಲಿನ ಮೇಲೆ ಹಲಗೆ ಕೂರಿಸಿ ಅದ್ರ ಮೇಲೆ ಕಾಗದ ಅಂಟಿಸಿ ನಕಾಶೆ ಅಲ್ಲೇ ಬರೀತಾನೆ, ಪ್ಲೇನ್ ಟೇಬಲ್ ಅಂತಾರೆ ಅದಕ್ಕೆ. ಆ ಎತ್ತರದ ಬಿಸಿಲು ಬಿಳಿ ಕಾಗದಕ್ಕೆ ಬಿದ್ರೆ ಕಣ್ಣು ಕುಕ್ಕುತ್ತೆ, ಕಾಗದ ಸುಕ್ಕುತ್ತೆ, ಸುಕ್ಕಿದ್ರೆ ಅಳತೆ ಹೋಯ್ತು. ಅದಕ್ಕೆ ಒಬ್ಬ ದೊಡ್ಡ ಛತ್ರಿ ಹಿಡ್ಕೊಂಡು ಸೂರ್ಯ ತಿರುಗಿದ ಹಾಗೆ ತಾನೂ ತಿರುಗ್ತಾ ಗಂಟೆಗಟ್ಲೆ ನಿಲ್ಬೇಕು, ಗಾಳಿಗೆ ಛತ್ರಿ ಹಾರಿದ್ರೆ ಬೈಗುಳ. ಹಂಗೆ ನಿಂತ್ಕೊಂಡು ಸರ್ವೇಯರ್ ಭುಜದ ಮೇಲಿಂದ ಇಣುಕಿ ಇಣುಕಿ ಮಾವ ವಿದ್ಯೆ ಕಲ್ತಿದ್ದು.

ಕೆಲ್ಸ ನಡೆಯೋದು ಹೀಗೆ. ಗೊತ್ತಿರೋ ಮೂರು ಶಿಖರ ಕಾಗದದ ಮೇಲೆ ಮೊದ್ಲೇ ಚುಕ್ಕೆ ಆಗಿರ್ತವೆ. ಹಲಗೆ ಮಟ್ಟ ಮಾಡಿ ಒಂದು ಪಟ್ಟಿಯಿಂದ ಆ ಮೂರು ಶಿಖರಕ್ಕೂ ಗುರಿ ಹಿಡಿದು ಗೆರೆ ಹಿಂದಕ್ಕೆ ಎಳೀತಾನೆ, ಮೂರು ಗೆರೆ ಒಂದೇ ಕಡೆ ಸೇರಿದ್ರೆ ಅದೇ ನಾವು ನಿಂತಿರೋ ಜಾಗ. ಮೊದಲ ಸಲ ಸೇರಲ್ಲ, ಪುಟ್ಟ ತ್ರಿಕೋನ ಬೀಳುತ್ತೆ, ಹಲಗೆ ಕೂದಲೆಳೆ ತಿರುಗಿಸಿ ಮತ್ತೆ ಎಳೀಬೇಕು, ತ್ರಿಕೋನ ಸಾಸಿವೆ ಆಗ್ಬೇಕು, ಸಾಸಿವೆ ಚುಕ್ಕೆ ಆಗ್ಬೇಕು. ಆಮೇಲೆ ಕ್ಲೈನೋಮೀಟರ್ ಅನ್ನೋ ಕೋನ ಅಳೆಯೋ ಸಾಧನ ಇಟ್ಟು ಎದುರಿನ ತುದಿ ಎಷ್ಟು ಕೋನದಲ್ಲಿದೆ ಅಂತ ನೋಡಿ, ಆ ಕೋನದ ಟ್ಯಾಂಜೆಂಟನ್ನ ಕಾಗದದ ಮೇಲಿನ ದೂರಕ್ಕೆ ಗುಣಿಸಿದ್ರೆ ಎತ್ತರ ಬಂತು. ಇಷ್ಟೆಲ್ಲಾ ಮೋಡ ಬರೋ ಮೊದ್ಲು, ಬೆಳಿಗ್ಗೆ ಬೆಳಿಗ್ಗೆನೇ.

ಆದ್ರೆ ದಾರಿ? ಅದನ್ನ ಹಲಗೆ ಮೇಲೆ ಗುರಿ ಹಿಡಿದು ಬರೆಯೋಕಾಗಲ್ಲ. ಅದಕ್ಕೆ ಗದ್ದಿ ಕುರುಬರನ್ನ ಕೇಳ್ತಿದ್ರಂತೆ, ಕಾಂಗ್ರಾ ಚಂಬಾ ಕಡೆಯಿಂದ ಬೇಸಿಗೇಲಿ ಕುರಿ ಹೊಡ್ಕೊಂಡು ಹಿಮದ ಕಣಿವೆ ದಾಟಿ ಲಾಹೌಲ್‌ಗೆ ಬರೋರು ಅವ್ರು. ಕುರಿ ದಾಟೋ ದಾರಿ ಬೇರೆ, ಹೇಸರಗತ್ತೆ ದಾಟೋ ದಾರಿ ಬೇರೆ, ಮನುಷ್ಯ ಮಾತ್ರ ದಾಟೋದು ಬೇರೆ, ಶೀಟಲ್ಲೂ ಅದಕ್ಕೆ ತಕ್ಕ ಹಾಗೆ ಗುರುತು ಬೇರೆ ಬೇರೆ. ಮಾವ ಸಾಯೋ ಮುಂಚೆ ಒಂದಿನ ಜಗಲಿ ಮೇಲೆ ಶೀಟು ಹರಡ್ಕೊಂಡು ಹೇಳಿದ್ರು, "ನೋಡ್ಲಾ ಮಗ, ಬೆಟ್ಟ ಎಲ್ಲೂ ಓಗಕಿಲ್ಲ, ನಮ್ ತಾತನ ಕಾಲದ್ ಗೆರೆ ಈಗ್ಲೂ ಸರಿಯಾಗೇ ಅದೆ. ದಾರಿ ಅಂಗಲ್ಲ ಕಲಾ. ನಡೆಯೋರಿಲ್ದೆ ಓದ್ರೆ ಎಲ್ಡ್ ಮಳೆಗೆ ಮುಚ್ಕತದೆ." ನಾನು ಈ ಕಾಗದದಲ್ಲಿ ಹೇಳ್ಬೇಕು ಅಂತಿರೋದು ಅಷ್ಟೇನೇ. ಸರ್ವೆ ಶೀಟಲ್ಲಿ ನಮ್ಮ ಬೆಟ್ಟದ ಎತ್ತರದ ಗೆರೆಗಳನ್ನ ಅಳೆದಾಗಿದೆ, ಅದು ಚೆನ್ನಾಗೇ ಇದೆ, ಆದ್ರೆ ದಾರಿಗಳನ್ನ ಯಾರೂ ತಿರುಗಿ ನಡೆದು ನೋಡಿಲ್ಲ. ಹಳೇ ಶೀಟಿನ ಕೆಂಪು ಚುಕ್ಕೆ ಅಂದಿನ ಕಾಲುದಾರಿ, ಇವತ್ತು ಅಲ್ಲಿ ಲಂಟಾನ ಆಳೆತ್ತರ ನಿಂತಿದೆ, ಇವತ್ತಿನ ದಾರಿ ಶೀಟಲ್ಲಿಲ್ಲ.

ಅಳತೆ ಅನ್ನೋದು ನಮಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ಇಡೀ ದೇಶ ಅಳೆದ ಮಹಾ ಸರ್ವೆ ಶುರು ಮಾಡಿದ ಲ್ಯಾಂಬ್ಟನ್ ಇದ್ದನಲ್ಲ, ಅವನು 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೇಲಿ ಇದ್ದೋನು. ಒಂದು ರಾತ್ರಿ ಬೇರ್ಡ್ ಅನ್ನೋ ಜನರಲ್ ಸೈನ್ಯ ಕರ್ಕೊಂಡು ಹೊರಟಿದಾನೆ, ಉತ್ತರಕ್ಕೆ ಅಂದ್ಕೊಂಡು ದಕ್ಷಿಣಕ್ಕೆ, ಟಿಪ್ಪು ಸೈನ್ಯದ ಬಾಯಿಗೇ. ಲ್ಯಾಂಬ್ಟನ್ ನಕ್ಷತ್ರ ನೋಡಿ ಸ್ವಾಮಿ ನಾವು ಉಲ್ಟಾ ಹೋಗ್ತಿದೀವಿ ಅಂದ. ದಾರಿ ತಪ್ಪಿದವ್ರ ಕಥೆ ನಮ್ಮ ಸೀಮೇಲಿ ಅಲ್ಲಿಂದಾನೇ ಇದೆ ನೋಡಿ. ಟಿಪ್ಪು ಹೋದ ಮೇಲೆ ಮೆಕೆಂಜಿ ಅನ್ನೋನು ಮೈಸೂರು ಸೀಮೆ ಸರ್ವೆ ಹಿಡ್ಕೊಂಡ, 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ತನ್ನ ಮೂಲ ಗೆರೆ ಅಳೆಯೋಕೆ ಶುರು ಮಾಡ್ದ. ಥಿಯೋಡಲೈಟ್ ಅನ್ನೋ ಅರ್ಧ ಟನ್ ತೂಕದ ಕೋನ ಅಳೆಯೋ ಯಂತ್ರ ಹೊರಿಸ್ಕೊಂಡು ಬೆಟ್ಟ ಗೋಪುರ ಹತ್ತಿದ, 1808ರಲ್ಲಿ ತಂಜಾವೂರು ದೇವಸ್ಥಾನದ ಮೇಲೆ ಹಗ್ಗ ಕಿತ್ತು ಅದು ಗೋಪುರಕ್ಕೆ ಹೊಡೀತು, ಬಗ್ಗಿ ಹೋದ ಚಕ್ರಾನ ಕೂತು ತಾನೇ ಸರಿ ಮಾಡ್ಕೊಂಡ. ಮೆಕೆಂಜಿ ಜೊತೆ ಊರೂರು ತಿರುಗಿ ವಿಷ್ಯ ತಿಳ್ಕೊಂಡು ಬರ್ತಿದ್ದ ಕಾವಲಿ ಬೋರಯ್ಯನಂಥವ್ರೂ ಇದ್ರು, ಅವ್ರ ಹೆಸರು ನಮ್ಮ ಪಾಠದ ಪುಸ್ತಕದಲ್ಲಿ ನಾನಂತೂ ಓದಿಲ್ಲ.

ಮಾವನಿಗೆ ಇಷ್ಟದ ಕಥೆ ಮಾತ್ರ ನೈನ್ ಸಿಂಗ್ ರಾವತ್‌ದು. ಕುಮಾವೂನಿನ ಮಾಸ್ತರು, 1865ರಲ್ಲಿ ಯಾತ್ರಿಕನ ವೇಷ ಹಾಕ್ಕೊಂಡು ಟಿಬೆಟ್ಟಿಗೆ ಹೋಗಿ ಲ್ಹಾಸಾ ತನಕ ಹೆಜ್ಜೆ ಎಣಿಸ್ಕೊಂಡೇ ದಾರಿ ಅಳೆದ. ಜಪಮಾಲೇಲಿ 108 ಮಣಿ ಬದ್ಲು 100, ನೂರು ಹೆಜ್ಜೆಗೆ ಒಂದು ಮಣಿ, ಒಂದು ಸುತ್ತು ಬಂದ್ರೆ ಹತ್ತು ಸಾವಿರ ಹೆಜ್ಜೆ. ನೀರು ಎಷ್ಟು ಡಿಗ್ರೀಲಿ ಕುದಿಯುತ್ತೆ ಅಂತ ನೋಡಿ ಎತ್ತರ ಲೆಕ್ಕ ಹಾಕ್ತಿದ್ದ. ನಾನೂ ಒಂದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾ ಮಣಿ ಎಣಿಸೋಕೆ ಹೋದೆ, ನಂದಿ ಹತ್ರ ಬರೋ ಅಷ್ಟ್ರಲ್ಲಿ ಯಾರೋ ಪರಿಚಯದೋರು ಮಾತಾಡ್ಸಿದ್ರು, ಲೆಕ್ಕ ಎಲ್ಲೋ ಹೋಯ್ತು. ಆ ಮನುಷ್ಯ ತಿಂಗಳುಗಟ್ಲೆ ಹೆಂಗೆ ಎಣಿಸಿದ್ನೋ.

ಶೀಟು ಎಲ್ಲಿ ಸಿಗುತ್ತೆ ಅಂತ ಅಂಗಡಿಗೆ ಬಂದೋರು ಕೇಳ್ತಾರೆ, ಅದನ್ನೂ ಹೇಳ್ಬಿಡ್ತೀನಿ. ಮೊದ್ಲು ಅರ್ಜಿ, ಪರ್ಮಿಷನ್ನು ಅಂತ ತಾಪತ್ರಯ ಇತ್ತು. 2005ರಲ್ಲಿ ನಕಾಶೆ ನೀತಿ ಬದ್ಲಾಗಿ ಸಾಮಾನ್ಯ ಜನಕ್ಕೆ ಬೇರೆ, ಸೈನ್ಯಕ್ಕೆ ಬೇರೆ ಅಂತ ಎರಡು ಬಗೆ ಶೀಟ್ ಮಾಡಿದ್ರು, 2017ರಲ್ಲಿ ಜನರ ಶೀಟನ್ನ ಆನ್‌ಲೈನಲ್ಲಿ ಉಚಿತವಾಗಿ ಬಿಟ್ರು, 2021 ಫೆಬ್ರವರೀಲಿ ನಕಾಶೆ ಮಾಡೋಕೂ ಮಾರೋಕೂ ಇದ್ದ ಲೈಸೆನ್ಸ್ ಕಾಟ ಬಹುಪಾಲು ತೆಗೆದ್ರು. ಹಳೇ ನಂಬರ್ ಲೆಕ್ಕದಲ್ಲಿ ಮೈಸೂರು 57 ಡಿ 11, ಮೇಲುಕೋಟೆ ಅದರ ಮೇಲಿಂದು 57 ಡಿ 10, ಒಂದೊಂದು ಶೀಟು ನಮ್ಮ ಕಡೆ ಹತ್ರತ್ರ 27 ಕಿಲೋಮೀಟರ್ ಚೌಕ, ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಹೊಸ ಶೀಟಲ್ಲಿ ನಂಬರ್ ಪದ್ಧತಿ ಬೇರೆ. ಒಂದ್ಸಲ ಮೇಲುಕೋಟೆ ಶೀಟು ತೆಗೆದು ನಿಮ್ಗೆ ಗೊತ್ತಿರೋ ಯೋಗನರಸಿಂಹಸ್ವಾಮಿ ಬೆಟ್ಟಾನ ಆ ಕಂದು ಗೆರೇಲಿ ಹುಡುಕಿ, ಗೆರೆ ಒತ್ತೊತ್ತಾಗಿರೋ ಕಡೆ ನಿಮ್ಮ ಮಂಡಿ ಯಾಕೆ ನೋವು ಬಂದಿತ್ತು ಅಂತ ಗೊತ್ತಾಗುತ್ತೆ.

ಮಂಡಿ ಅಂದೆ, ಇದನ್ನೂ ಸೇರಿಸ್ತೀನಿ. ನಮ್ಮೋರು ದಾರಿ ಹೇಳೋದು ಬರೀ ಕಿಲೋಮೀಟರಲ್ಲಿ. ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನೋನು 1892ರಲ್ಲೇ ಒಂದು ಲೆಕ್ಕ ಹಾಕಿಟ್ಟಿದಾನೆ, ಐದು ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಹತ್ತೋದಕ್ಕೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಅಂದ್ರೆ ಹತ್ರತ್ರ ನಾಲ್ಕು ಗಂಟೆ, ಅದೂ ಗಟ್ಟಿ ಕಾಲಿನೋನಿಗೆ, ನಿಲ್ದೆ ನಡೆದ್ರೆ. ಭಾನುವಾರಕ್ಕೊಂದ್ಸಲ ನಡೆಯೋ ನಮ್ಮಂಥೋರು ಅದಕ್ಕೆ ಅರ್ಧ ಸೇರಿಸ್ಕೋಬೇಕು, ಸೆಲ್ಫಿಗೆ ಇನ್ನರ್ಧ. ಎತ್ತರದ ಗೆರೆ ಇಲ್ದಿರೋ ನಕಾಶೇಲಿ ಈ ಲೆಕ್ಕ ಹಾಕೋಕೇ ಆಗಲ್ಲ, ಅದಕ್ಕೇ ಜನ ಮಧ್ಯಾಹ್ನ ಮೂರು ಗಂಟೆಗೆ ತುದೀಲಿ ನಿಂತಿರ್ತಾರೆ.

ಇನ್ನೊಂದು ಗೋಳು ಹೆಸರಿಂದು. ಶೀಟಲ್ಲಿ ಊರು ಹಳ್ಳ ಬೆಟ್ಟದ ಹೆಸರೆಲ್ಲಾ ಇಂಗ್ಲಿಷ್ ಅಕ್ಷರ. ಅದನ್ನ ಮತ್ತೆ ಕನ್ನಡಕ್ಕೆ ತರೋವಾಗ ಕಲ್ಲಹಳ್ಳ ಹೋಗಿ ಕಳ್ಳಹಳ್ಳ ಆಗುತ್ತೆ, ಅಣೆ ಹೋಗಿ ಆನೆ ಆಗುತ್ತೆ. ನಮ್ಮ ಮಂಡ್ಯದೋರಿಗೆ ಅಣೆ ಅಂದ್ರೆ ಹೊಳೆಗೆ ಅಡ್ಡ ಕಟ್ಟಿದ ಕಟ್ಟೆ ಅಂತ ಗೊತ್ತು, ಮೊಬೈಲಿಗೆ ಏನ್ ಗೊತ್ತು ಪಾಪ. ಕಾಡಲ್ಲಿ ಇದು ತಮಾಷೆ ಅಲ್ಲ, ಫೋನ್ ಮಾಡಿ ನಾವು ಇಂಥ ಹಳ್ಳದ ಹತ್ರ ಇದೀವಿ ಅಂದ್ರೆ ಆ ಕಡೆ ಅರಣ್ಯ ಇಲಾಖೆ ವಾಚರ್‌ಗೆ ಅದು ಯಾವ ಹಳ್ಳ ಅಂತಾನೇ ತಿಳಿಯಲ್ಲ, ಅವನು ಕರೆಯೋ ಹೆಸರೇ ಬೇರೆ.

ಇದಕ್ಕೆಲ್ಲಾ ದಾರಿ ನಮ್ಮ ಪಕ್ಕದ ಜಿಲ್ಲೇಲೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಕಾಡು ಜನ ಸೋಲಿಗರು, ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯೋರ ಜೊತೆ ಸೇರಿ ತಮ್ಮ ಪವಿತ್ರ ಜಾಗಗಳನ್ನೆಲ್ಲಾ ಜಿಪಿಎಸ್ ಹಿಡ್ಕೊಂಡು ನಡೆದು ನಡೆದು ಗುರುತು ಹಾಕಿದ್ರು, 489 ಜಾಗ. ಒಂದೊಂದು ಕುಲಕ್ಕೂ ಅದರದ್ದೇ ಎಲ್ಲೆ, ಆ ಎಲ್ಲೇಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ (ನೀರಿನ ಜಾಗ) ಅಂತ ಬಗೆ ಬಗೆ ಪವಿತ್ರ ಜಾಗ. ಮರದಿಂದ ಮರಕ್ಕೆ, ಅಬ್ಬಿಯಿಂದ ಕಲ್ಲುಗುಡಿಗೆ ನಡ್ಕೊಂಡು ಹೋದ್ರೆ ತಾನೇ ಆ ಜಾಗ ಗೊತ್ತಾಗೋದು, ಅಂದ್ರೆ ದಾರೀನೂ ಅವ್ರಿಗೇ ಗೊತ್ತು. 540 ಚದರ ಕಿಲೋಮೀಟರ್ ಅಭಯಾರಣ್ಯ, ಆಫೀಸಿನ ಶೀಟಲ್ಲಿ ಹಸಿರು ಬಣ್ಣ ಬಳಿದು ಮೀಸಲು ಅರಣ್ಯ ಅಂತ ಬರೆದಿರೋ ಕಡೆ ಇವ್ರ ಹತ್ರ ಐನೂರರ ಹತ್ರ ಹೆಸರಿದೆ. 2011ರಲ್ಲಿ ಅವ್ರ ಸಮುದಾಯ ಅರಣ್ಯ ಹಕ್ಕಿಗೆ ಪತ್ರಾನೂ ಸಿಕ್ತು. ತರಗು ಬೆಂಕಿ, ಅಂದ್ರೆ ಒಣಗಿದ ಎಲೆಗೆ ಸಣ್ಣ ಬೆಂಕಿ, ಹಾಕೋದು ನಿಂತ ಮೇಲೆ ಲಂಟಾನ ಬೆಳೆದು ದಾರಿ ಮುಚ್ತು ಅಂತ ಅವ್ರ ಹಿರಿಯರು ಹೇಳ್ತಾರೆ, ಮಾವ ಹೇಳಿದ್ದೂ ಅದನ್ನೇ ಅಲ್ವಾ, ನಡೆಯೋರಿಲ್ದೆ ಹೋದ್ರೆ ಮುಚ್ಕೊಳ್ಳುತ್ತೆ.

ಈಗ ಒಬ್ರು ಕೇಳ್ತಾರೆ, ನೀನು ಹೀಗೆ ದಾರಿಯೆಲ್ಲಾ ಅಚ್ಚು ಹಾಕಿ ಕೊಟ್ರೆ ಇರೋ ಬರೋ ಜನ ಎಲ್ಲಾ ನುಗ್ತಾರಲ್ಲಪ್ಪಾ ಅಂತ. ನ್ಯಾಯವಾದ ಪ್ರಶ್ನೆ. 2024ರ ಜನವರೀಲಿ ಗಣರಾಜ್ಯೋತ್ಸವದ ರಜಕ್ಕೆ ಕುಮಾರಪರ್ವತದಲ್ಲಿ ಜಾತ್ರೆ ಥರ ಸಾಲು ನಿಂತಿದ್ದ ವಿಡಿಯೋ ಎಲ್ರೂ ನೋಡಿದೀರ, ಅದಾದ್ಮೇಲೇ ಇಲಾಖೆಯೋರು ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗು, ದಿನಕ್ಕಿಷ್ಟೇ ಜನ ಅಂತ ಮಿತಿ ತಂದಿದ್ದು. ನಾನು ಅದರ ಪರ. ಆದ್ರೆ ಆ ಜನ ಎಲ್ಲಾ ಬಂದಿದ್ದು ನಕಾಶೆ ನೋಡಿ ಅಲ್ಲ, ರೀಲ್ಸ್ ನೋಡಿ. ಕಳ್ಳಬೇಟೆಯೋನಿಗಂತೂ ನನ್ನ ಅಂಗಡಿ ಪ್ರಿಂಟ್ ಬೇಕಾಗಿಲ್ಲ. ಅದೂ ಅಲ್ದೆ ನಾನು ಕೇಳ್ತಿರೋದು ಹುಲಿ ಕಾಡಿನ ಒಳದಾರಿ ಎಲ್ಲಾ ಬಯಲು ಮಾಡಿ ಅಂತಲ್ಲ, ಅದು ಇಲಾಖೆ ಹತ್ರಾನೇ ಇರ್ಲಿ, ವಾಚರ್‌ಗಳ ಕೈಲಿರ್ಲಿ, ಹುಡುಕೋಕೆ ಹೋಗೋರಿಗೆ ಬೇಕಾಗುತ್ತೆ. ಸೋಲಿಗರು ಬೇಡ ಅಂದ ಜಾಗ ಹಾಕ್ಲೇಬಾರ್ದು. ದುಡ್ಡು ಇಸ್ಕೊಂಡು ಟಿಕೆಟ್ ಕೊಟ್ಟು ಕಳ್ಸೋ ದಾರಿ ಇದಾವಲ್ಲ, ಅಷ್ಟನ್ನ ಮಾತ್ರ ಕೇಳ್ತಿದೀನಿ. ಸಿನಿಮಾ ಟಿಕೆಟ್ ಕೊಟ್ಟೋನು ಸೀಟ್ ನಂಬರ್ ಕೊಡ್ತಾನೆ, ಬೆಟ್ಟದ ಟಿಕೆಟ್ ಜೊತೆ ಒಂದು ಹಾಳೆ ಕೊಡೋಕೆ ಏನು.

ಆ ಹಾಳೇಲಿ ಏನಿರ್ಬೇಕು ಅಂದ್ರೆ, ಎತ್ತರದ ಗೆರೆ, ಅದು ಹೇಗೂ ಇದೆ. ದಾರಿ, ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಲ್ಲಿನ ವಾಚರ್, ಅಲ್ಲಿನ ಕಾಡು ಜನ ಒಂದ್ಸಲ ನಡೆದು ತಿದ್ದಿದ್ದು, ಕೂಲಿ ಕೊಟ್ಟು ನಡೆಸ್ಬೇಕು, ಪುಕ್ಕಟೆ ಅಲ್ಲ. ದಾರಿ ಎರಡಾಗೋ ಕಡೆ ಒಂದು ನಂಬರು, ಅದೇ ನಂಬರ್ ಅಲ್ಲಿ ಬಂಡೆ ಮೇಲೆ ಅಥವಾ ಕಲ್ಲಿನ ಮೇಲೆ, ಫೋನಲ್ಲಿ ಹೇಳೋಕೆ. ನೀರಿರೋ ಕಡೆ, ಬೇಸಿಗೇಲಿ ಬತ್ತೋ ಕಡೆ. ಧುಮುಕೋ ಬಂಡೆ ಇರೋ ಹಳ್ಳಕ್ಕೆ ಒಂದು ಅಡ್ಡ ಗೆರೆ. ಹೆಸರು ಕನ್ನಡದಲ್ಲಿ, ಅಲ್ಲಿಯವ್ರು ಕರೆಯೋ ಹಾಗೆ. ಇಷ್ಟೇ. ಇದಕ್ಕೆ ಉಪಗ್ರಹ ಬಿಡ್ಬೇಕಾಗಿಲ್ಲ, 2005ರಲ್ಲೇ ನಮ್ಮ ಇಸ್ರೋದೋರು ನಕಾಶೆಗೆ ಅಂತಾನೇ ಕಾರ್ಟೋಸ್ಯಾಟ್ ಬಿಟ್ಟಾಗಿದೆ, ಈಗ ಬೇಕಿರೋದು ಕಾಲು.

ಸಂಪಾದಕರೇ, ನಿಮ್ಮ ಕಡೆಯಿಂದ ಆಗ್ಬೇಕಾದ್ದೂ ಒಂದಿದೆ. ಮುಂದಿನ ಸಲ ಯಾರಾದ್ರೂ ದಾರಿ ತಪ್ಪಿದ ಸುದ್ದಿ ಹಾಕಿದಾಗ, ಬಿಸ್ಕತ್ತು ತಿನ್ನೋ ಫೋಟೋ ಪಕ್ಕದಲ್ಲಿ ಅಂಗೈ ಅಗಲದ ನಕಾಶೆ ಹಾಕಿ, ಎಲ್ಲಿ ದಾರಿ ಬಿಟ್ರು, ಎಲ್ಲಿ ಸಿಕ್ರು, ಎರಡು ಚುಕ್ಕೆ. ನಿಮ್ಮ ವರದಿಗಾರರು ವಾಚರನ್ನ ಒಂದು ಮಾತು ಕೇಳಿದ್ರೆ ಹೇಳ್ತಾನೆ. ಹುಡುಗ್ರಿಗೆ ಬುದ್ಧಿ ಇಲ್ವಾ ಅನ್ನೋದನ್ನ ಆಮೇಲೆ ನೋಡ್ಕೊಂಡ್ರಾಯ್ತು.

ಮಾವನ 57 ಡಿ 11 ಶೀಟು ನನ್ನ ಅಂಗಡಿ ಟೇಬಲ್ ಗಾಜಿನ ಕೆಳಗಿದೆ, ಮೂಲೇಲಿ ಟೀ ಲೋಟದ ಕಲೆ, ಅದು ಅವ್ರದ್ದೇ. ಪಹಣಿಗೆ ಬಂದೋರು ನೋಡ್ತಾ ತಮ್ಮೂರು ಹುಡುಕ್ತಾರೆ, ಸಿಕ್ಕಿದ್ರೆ ಮುಖ ಅರಳುತ್ತೆ. ಬೆಟ್ಟಕ್ಕೆ ಹೋಗೋ ಹುಡುಗ್ರು ಯಾರಾದ್ರೂ ಇದ್ರೆ ನಿಮಗೆ ಬೇಕಾದ ಶೀಟ್ ಡೌನ್‌ಲೋಡ್ ಮಾಡ್ಕೊಂಡು ಬನ್ನಿ, ಕಲರ್ ಪ್ರಿಂಟ್ ಪೇಪರ್ ಖರ್ಚಿಗೇ ಹಾಕ್ಕೊಡ್ತೀನಿ, ಗೆರೆ ಓದೋದೂ ಹೇಳ್ಕೊಡ್ತೀನಿ. ಬ್ಲಾಕ್ ಅಂಡ್ ವೈಟ್ ಮಾತ್ರ ಕೇಳ್ಬೇಡಿ, ಹೊಡ್ಕೊಡಲ್ಲ.

ಇಂತಿ,
ನಿಮ್ಮ ಹಳೇ ಓದುಗ, ಜೆರಾಕ್ಸ್ ಅಂಗಡಿಯೋನು,
ಮೈಸೂರು